ಸರ್ ವಾಲ್ಟರ್ ಎಲಿಯಟ್ ಸಾಹೇಬರೂ ನಮ್ಮ ನಾಡಿನ ಜೀವರಾಶಿಯೂ

ಜೀವಶಾಸ್ತ್ರವು ಪರದೇಶದಿಂದ ಬಂದ ವಿದ್ಯೆ, ನಮ್ಮ ಮಣ್ಣಿಗೂ ಅದಕ್ಕೂ ಸಂಬಂಧವಿಲ್ಲವೆಂದು ನಮ್ಮಲ್ಲಿ ಅನೇಕ ಸುಶಿಕ್ಷಿತರು ಸಹ ಭಾವಿಸಿರುವರು. ಅದಕ್ಕೆ ಕಾರಣವಿಲ್ಲದೆ ಇಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಯು ಅನುವಂಶೀಯತೆಯ ಪಾಠಕ್ಕೆ ಬಂದಾಗ ಯುರೋಪಿನ ಮಠವೊಂದರ ತೋಟದ ಬಟಾಣಿ ಗಿಡಗಳ ವಿಷಯವನ್ನು ಓದುವನು. ಪ್ರಾಣಿಗಳ ಹೊಂದಾಣಿಕೆಗೆ ಮರುಭೂಮಿಯ ಒಂಟೆ, ಹಿಮಪ್ರದೇಶದ ಕರಡಿಗಳೇ ಅವನಿಗೆ ಉದಾಹರಣೆಗಳು. ವಿಕಾಸವೆಂದರೆ ದೂರದ ಸಮುದ್ರದ ದ್ವೀಪಗಳ ಹಕ್ಕಿಗಳು. ಪರೀಕ್ಷೆ ಮುಗಿದೊಡನೆ ಇದೆಲ್ಲವೂ ಮರೆತುಹೋಗುವದು. ಇದೇ ಪಾಠವು ತನ್ನ ತಂದೆಯ ಎರೆಹೊಲದಲ್ಲಿ, ತನ್ನ ಮನೆಯ ಮಾಳಿಗೆಯ ಪಾರಿವಾಳದ ಗೂಡಿನಲ್ಲಿ, ತನ್ನ ಕೊಟ್ಟಿಗೆಯಲ್ಲಿ ನಿತ್ಯವೂ ನಡೆಯುತ್ತಿರುವದೆಂಬ ಮಾತು ಅವನ ಕಿವಿಗೆ ಬೀಳುವದೇ ಇಲ್ಲ.

ಆದರೆ ಈ ಶಾಸ್ತ್ರದ ಮೂಲಗ್ರಂಥದಲ್ಲಿಯೇ ನಮ್ಮ ಪ್ರಾಂತದ ಋಣವುಂಟು. ಆ ಋಣವನ್ನು ಅಲ್ಲಿಗೆ ಮುಟ್ಟಿಸಿದವರು ಸರ್ ವಾಲ್ಟರ್ ಎಲಿಯಟ್ ಎಂಬ ಸಾಹೇಬರು. ಕರ್ನಾಟಕದ ಇತಿಹಾಸವನ್ನು ಬಲ್ಲವರಿಗೆ ಈ ಹೆಸರು ಹೊಸದಲ್ಲ. ಚಾಲುಕ್ಯರ ಶಿಲಾಶಾಸನಗಳನ್ನು ಮೊದಲಿಗೆ ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿದವರೆಂದು ಅವರು ಪ್ರಸಿದ್ಧರು. ಕಿತ್ತೂರಿನ ಚರಿತ್ರೆಯಲ್ಲಿಯೂ ಅವರ ಹೆಸರು ಬರುವದು. ಅವರೇ ನಮ್ಮ ಹೊಲಗಳ ಇಲಿಗಳನ್ನೂ ಬಯಲಿನ ತೋಳಗಳನ್ನೂ ಕನ್ನಡ ಹೆಸರುಗಳೊಡನೆ ಬರೆದಿಟ್ಟವರೆಂಬದು ಮಾತ್ರ ಬಹು ಜನರಿಗೆ ತಿಳಿಯದು. ಆದುದರಿಂದ ಅವರ ಜೀವನವನ್ನು ಈ ದೃಷ್ಟಿಯಿಂದ ವಾಚಕರ ಮುಂದಿಡುವದು ಉಚಿತವೆಂದು ತೋರುವದು.

ಎಲಿಯಟ್ ಸಾಹೇಬರು ೧೮೦೩ನೆಯ ಇಸವಿಯ ಜನವರಿ ೧೬ರಂದು ಸ್ಕಾಟ್ಲಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ಕಂಪನಿ ಸರಕಾರದ ನೌಕರರನ್ನು ಸಿದ್ಧಪಡಿಸುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಓದಿ, ಇಪ್ಪತ್ತು ತುಂಬುವ ಮೊದಲೇ ಮದ್ರಾಸು ಇಲಾಖೆಯ ನೌಕರಿಗೆ ಸೇರಿದರು. ಕೆಲಕಾಲ ಸೇಲಂ ಜಿಲ್ಲೆಯಲ್ಲಿದ್ದು ೧೮೨೩ರಲ್ಲಿ ಧಾರವಾಡಕ್ಕೆ ಬಂದರು. ಪೇಶವೆಯರ ಆಳಿಕೆಯು ಮುಗಿದು ಆಗ ಐದು ವರ್ಷಗಳಷ್ಟೇ ಆಗಿದ್ದವು. ಆಂಗ್ಲರು ಈ ಭಾಗವನ್ನು ದಕ್ಷಿಣ ಮರಾಠಾ ಪ್ರಾಂತವೆಂದು ಕರೆಯುತ್ತಿದ್ದರು. ಹಿಂದಿನ ಅರಸರ ಗುರುತಿನಿಂದ ಬಂದ ಈ ಹೆಸರು ಜನರ ನುಡಿಯನ್ನು ಮರೆಸಿತ್ತು. ಒಕ್ಕಲಿಗನು ಉಳುವಾಗ, ಬೇಟೆಗಾರನು ಬಲೆ ಹಾಕುವಾಗ ಆಡುತ್ತಿದ್ದದು ಕನ್ನಡವೇ. ಹೆಸರು ಯಾವದಾದರೂ ಇರಲಿ, ಎಲಿಯಟ್ ಸಾಹೇಬರ ಪ್ರಾಣಿಗಳ ಪಟ್ಟಿಯಲ್ಲಿ ಈ ಕನ್ನಡವು ತಪ್ಪದೆ ಕಾಣಿಸಿಕೊಂಡಿತು. ಅದನ್ನು ಮುಂದೆ ನೋಡುವೆವು.

ಅವರು ಧಾರವಾಡಕ್ಕೆ ಬಂದ ಮರುವರ್ಷವೇ ಕಿತ್ತೂರಿನ ಪ್ರಕರಣವು ನಡೆಯಿತು. ಕಿತ್ತೂರಿನ ದೊರೆ ಶಿವಲಿಂಗ ರುದ್ರಸರ್ಜನು ೧೮೨೪ರಲ್ಲಿ ಸಂತಾನವಿಲ್ಲದೆ ತೀರಿಕೊಂಡಾಗ ಮಾಡಿಕೊಂಡ ದತ್ತಕವನ್ನು ಧಾರವಾಡದ ಅಧಿಕಾರಿ ಥ್ಯಾಕರೆ ಸಾಹೇಬನು ಮನ್ನಿಸಲಿಲ್ಲ. ರಾಣಿ ಚೆನ್ನಮ್ಮನವರು ಬಾಗಲಿಲ್ಲ. ಅಕ್ಟೋಬರ್ ೨೩ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆಯು ಹತನಾದನು. ಅವನ ಕೈಕೆಳಗಿನ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ತರುಣ ಅಧಿಕಾರಿಗಳು ಸೆರೆಸಿಕ್ಕರು. ಕೆಲವು ವಾರಗಳ ಕಾಲ ಅವರು ಕಿತ್ತೂರಿನ ಕೈದಿಗಳಾಗಿದ್ದರು. ಶತ್ರುವಿನ ಅಧಿಕಾರಿಗಳಾದರೂ ಅವರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಂಡು ಡಿಸೆಂಬರ್ ತಿಂಗಳಿನಲ್ಲಿ ಬಿಡಲಾಯಿತು. ಆ ಬಳಿಕ ಕೋಟೆಯು ಬಿದ್ದದ್ದೂ, ರಾಣಿಯವರು ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ದೇಹಬಿಟ್ಟದ್ದೂ ವಾಚಕರಿಗೆ ತಿಳಿದ ಸಂಗತಿಗಳು. ಚೆನ್ನಮ್ಮನವರ ಶೌರ್ಯವನ್ನು ನಾವು ಹಾಡಿ ಹೊಗಳುವೆವು. ಅವರ ಔದಾರ್ಯವೂ ಅಷ್ಟೇ ಸ್ಮರಣೀಯವಾದದ್ದು. ಇಪ್ಪತ್ತೊಂದು ವರ್ಷದ ಆ ಕೈದಿಯು ಅಂದು ಉಳಿದುದರಿಂದ ನಮ್ಮ ನಾಡಿನ ವಿದ್ಯೆಗೆ ಆದ ಲಾಭವು ಸಾಮಾನ್ಯವಾದದ್ದಲ್ಲ.

ಬಿಡುಗಡೆಯಾದ ಮೇಲೆ ಎಲಿಯಟ್ ಸಾಹೇಬರು ೧೮೩೩ರ ವರೆಗೆ ಇದೇ ಪ್ರಾಂತದಲ್ಲಿ ಉಳಿದರು. ತಮ್ಮನ್ನು ಸೆರೆಹಿಡಿದ ನಾಡನ್ನು ಅವರು ದ್ವೇಷಿಸಲಿಲ್ಲ, ಅದನ್ನು ಓದತೊಡಗಿದರು. ಜಮಾಬಂದಿಯ ಫಿರತಿಯಲ್ಲಿ ಮುಕ್ಕಾಮು ಮಾಡಿದ ಊರಲ್ಲೆಲ್ಲ ಗುಡಿಯ ಗೋಡೆಯ, ಕೆರೆಯ ಏರಿಯ ಶಾಸನಗಳನ್ನು ಹಳೆಯ ಲಿಪಿ ಬಲ್ಲ ದೇಶೀಯರ ನೆರವಿನಿಂದ ಪ್ರತಿ ಮಾಡಿಸಿದರು. ಹೀಗೆ ಕೂಡಿದ ಪ್ರತಿಗಳು ೫೯೫. ಇವುಗಳ ಆಧಾರದಿಂದ ಚಾಲುಕ್ಯರು, ಕಳಚುರಿಗಳು, ದೇವಗಿರಿಯ ಯಾದವರು ಇವರ ವಂಶಾವಳಿಗಳನ್ನು ಕಟ್ಟಿ ಬರೆದ ಅವರ ಲೇಖನವು ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸಾಯಟಿಯ ಪತ್ರಿಕೆಯಲ್ಲಿ ೧೮೩೭ರಲ್ಲಿ ಪ್ರಕಟವಾಯಿತು. ಮುಂದೆ ಫ್ಲೀಟ್ ಮೊದಲಾದ ಪಂಡಿತರು ಇದೇ ದಾರಿಯಲ್ಲಿ ನಡೆದರು. ಕಲ್ಲಿನ ಮೇಲಿನ ಅಕ್ಷರಗಳಿಂದ ತಂದೆ, ಮಗ, ಮೊಮ್ಮಗನೆಂದು ಸಾಲು ಹಿಡಿದು ಹಿಂದಕ್ಕೆ ಹೋಗುವ ಈ ಅಭ್ಯಾಸವೇ ಅವರನ್ನು ಇನ್ನೊಂದು ಬಗೆಯ ವಂಶಾವಳಿಯ ಕಡೆಗೂ ಸಿದ್ಧಪಡಿಸಿರಬೇಕೆಂದು ನಮಗೆ ತೋರುವದು.

ಎಲಿಯಟ್ ಸಾಹೇಬರು ಬೇಟೆಯಲ್ಲಿ ಆಸಕ್ತರು. ಆದರೆ ಬೇಟೆಯಾಡಿದ ಪ್ರಾಣಿಯನ್ನು ಅಳೆದು, ಹಲ್ಲು ಎಣಿಸಿ, ಅದರ ನಡೆನುಡಿಗಳನ್ನು ಬಲ್ಲ ಜನರನ್ನು ಕೇಳಿ ಬರೆದಿಡುವ ಬೇಟೆಗಾರರು ವಿರಳ. ಅವರು ಬರೆದ ದಕ್ಷಿಣ ಮರಾಠಾ ಪ್ರಾಂತದ ಸಸ್ತನಿಗಳ ಪಟ್ಟಿಯು ಮದ್ರಾಸಿನ ಸಾಹಿತ್ಯ ಮತ್ತು ವಿಜ್ಞಾನದ ಪತ್ರಿಕೆಯಲ್ಲಿ ೧೮೩೯ರಲ್ಲಿ ಅಚ್ಚಾಯಿತು. ಅದರಲ್ಲಿ ಲ್ಯಾಟಿನ್ ಹೆಸರಿನ ಜೊತೆಗೆ ಕನ್ನಡದ ಹೆಸರು ಇರುವದು. ಕೆರೆ ತೋಡುವ ವಡ್ಡರ ನುಡಿಯ ಹೆಸರು ಇರುವದು. ಕನ್ನಡಿಗರು ಗುಲಾಂಡಿ ಎನ್ನುತ್ತಿದ್ದ ಪೊದೆಯ ಇಲಿಯನ್ನು ಲಂಡನ್ನಿನ ಪಂಡಿತ ಗ್ರೇ ಎಂಬವರು ೧೮೩೭ರಲ್ಲಿ ಶಾಸ್ತ್ರಕ್ಕೆ ಪರಿಚಯಿಸಿದಾಗ ಅದರ ಕುಲಕ್ಕೆ ಗೊಲುಂಡಾ ಎಂದೂ ಜಾತಿಗೆ ಎಲಿಯಟರ ನೆನಪಿನ ಹೆಸರನ್ನೂ ಇಟ್ಟರು. ವಡ್ಡರು ಮೆಟ್ಟಾಡೆ ಎನ್ನುತ್ತಿದ್ದ ಮೆತ್ತನೆಯ ಕೂದಲಿನ ಹೊಲದ ಇಲಿಯು ಮೆಲ್ಟಾಡಾ ಎಂದಾಯಿತು. ಜಗತ್ತಿನ ಯಾವ ದೇಶದ ಪ್ರಾಣಿಶಾಸ್ತ್ರಜ್ಞನಾದರೂ ಈ ಇಲಿಗಳನ್ನು ಹೆಸರಿಸಬೇಕಾದರೆ ನಮ್ಮ ಒಕ್ಕಲಿಗನ, ನಮ್ಮ ವಡ್ಡರ ಮಾತನ್ನೇ ಉಚ್ಚರಿಸಬೇಕು.

ಈ ಹೊಲದ ಇಲಿಯ ವೃತ್ತಾಂತವು ಪ್ರೌಢಶಾಲೆಯ ಪಾಠಕ್ಕೆ ಸೇರಿಸಲು ಅತ್ಯಂತ ಯೋಗ್ಯವಾದದ್ದು. ಅದು ಎರೆಭೂಮಿಯ ಬಿರುಕುಗಳಲ್ಲಿ ವಾಸಿಸುವದು. ಬೇಸಿಗೆಯಲ್ಲಿ ಎರೆಯು ಒಡೆದು ಬಾಯಿಬಿಟ್ಟಾಗ ಮನೆಯು ತಾನಾಗಿಯೇ ಸಿದ್ಧ. ಬಿಲ ತೋಡುವ ಶ್ರಮವಿಲ್ಲ. ಆದರೆ ಮುಂಗಾರು ಜೋರಾಗಿ ಹಿಡಿದರೆ ಬಿರುಕುಗಳು ಕುಸಿದು ಮುಚ್ಚಿಹೋಗಿ ಬಹುಸಂಖ್ಯೆಯ ಇಲಿಗಳು ಸಾಯುವವು. ಮಳೆ ಸಾಲದ ವರ್ಷ ಆ ಸಂಹಾರವು ತಪ್ಪಿ, ಅವು ಲೆಕ್ಕವಿಲ್ಲದಷ್ಟು ಹೆಚ್ಚುವವು. ೧೮೨೬ರ ಸುಮಾರಿಗೆ ಹೀಗೆಯೇ ಆಯಿತೆಂದು ಎಲಿಯಟ್ ಸಾಹೇಬರು ಬರೆದಿದ್ದಾರೆ. ಬಿತ್ತಿದ ಬೀಜವನ್ನು ಬಿತ್ತಿದೊಡನೆಯೇ ಇಲಿಗಳು ತಿಂದವು. ಉಳಿದು ಬೆಳೆದ ಜೋಳದ ದಂಟನ್ನು ಹತ್ತಿ ತೆನೆಯನ್ನು ಕತ್ತರಿಸಿ ಕೆಡವಿದವು. ರೈತರು ಸರಕಾರದ ಸಾರಾ ಕೊಡಲಾರದೆ ಗೋಳಿಟ್ಟರು. ಇಷ್ಟು ಡಜನ್ನು ಇಲಿಗೆ ಇಷ್ಟು ಕಾಳು ಎಂದು ಗೊತ್ತುಮಾಡಿ ವಡ್ಡರಿಂದ ಸಾವಿರಗಟ್ಟಲೆ ಕೊಲ್ಲಿಸಿದರೂ ಇಲಿಗಳ ಸಂಖ್ಯೆಯು ಕಡಿಮೆಯಾದಂತೆ ಕಾಣಲಿಲ್ಲ.

ಕೋಕ್ ಎಂದು ಕನ್ನಡಿಗರು ಕರೆಯುತ್ತಿದ್ದ ಇನ್ನೊಂದು ಇಲಿಯ ವಿಷಯವೂ ಹೀಗೆಯೇ. ಅದು ಆಳವಾದ ಬಿಲ ತೋಡಿ ಸುಗ್ಗಿಯ ಕಾಳನ್ನು ಕೂಡಿಡುವದು. ವಡ್ಡರು ಆ ಬಿಲಗಳನ್ನು ಅಗೆದು, ಸುಗ್ಗಿಯ ಕಾಲವನ್ನು ಬಹುಮಟ್ಟಿಗೆ ಆ ಕಾಳಿನಿಂದಲೇ ಕಳೆಯುತ್ತಿದ್ದರೆಂದು ಎಲಿಯಟ್ ಸಾಹೇಬರು ಬರೆದಿರುವರು. ಇಲಿಯ ಉಗ್ರಾಣದಿಂದ ತನ್ನ ಹಸಿವನ್ನು ಹಿಂಗಿಸಿಕೊಳ್ಳಬೇಕಾದ ಬಡವನಿಗಿಂತ ಇಲಿಯ ಜೀವನವನ್ನು ಚೆನ್ನಾಗಿ ಬಲ್ಲವರು ಯಾರು? ಶಾಸ್ತ್ರಜ್ಞನ ಲೇಖನಿಗೆ ಈ ಸಂಗತಿಗಳನ್ನು ಒದಗಿಸಿದವರು ಅಕ್ಷರವರಿಯದ ಇಂಥ ಜನರೆಂಬದನ್ನು ನಾವು ಮರೆಯಲಾಗದು. ಈ ಕೋಕ್ ಇಂದಿಗೂ ಕಬ್ಬಿನ ಬುಡವನ್ನು ಕಡಿದು ರೈತನನ್ನು ಕಾಡುವ ಪ್ರಾಣಿ. ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಬ್ಬಿನ ಗದ್ದೆಗಳಲ್ಲಿ ಹೆಗ್ಗಣದ ಕಾಟವೇನೆಂಬದನ್ನು ಹೇಳಿಕೊಡಬೇಕಾಗಿಲ್ಲ.

ತೋಳಗಳ ವಿಷಯದಲ್ಲಿ ಎಲಿಯಟ್ ಸಾಹೇಬರು ಕಣ್ಣಾರೆ ಕಂಡದ್ದನ್ನು ಬರೆದಿದ್ದಾರೆ. ಮೂರು ತೋಳಗಳು ಚಿಂಕಾರ ಜಾತಿಯ ಹುಲ್ಲೆಗಳ ಹಿಂಡನ್ನು ಒಂದು ಕೊಳ್ಳದ ಕಡೆಗೆ ಅಟ್ಟಿದವು. ಆ ಕೊಳ್ಳದಲ್ಲಿ ಇನ್ನೆರಡು ತೋಳಗಳು ಮೊದಲೇ ಅಡಗಿ ಕುಳಿತಿದ್ದವು. ಹೀಗೆ ಕೂಡಿ ಅವು ಒಂದು ಹೆಣ್ಣು ಹುಲ್ಲೆಯನ್ನು ಹಿಡಿದವು. ಈ ಬಗೆಯ ಬೇಟೆಯು ಸಾವಿರಾರು ತಲೆಮಾರು ನಡೆದಲ್ಲಿ ನಿಧಾನವಾದ ಹುಲ್ಲೆ ಉಳಿಯದು, ಕೂಡಿ ಬೇಟೆಯಾಡಲರಿಯದ ತೋಳವೂ ಉಳಿಯದು. ಉಳಿದವುಗಳ ಗುಣವು ಮರಿಗಳಿಗೆ ಬರುವದು. ಪಾಠಪುಸ್ತಕವು ನಿಸರ್ಗದ ಆಯ್ಕೆಯೆಂದು ಕರೆಯುವದು ಇದನ್ನೇ. ಪ್ರಾಣಿಯು ತಾನೇ ಬಯಸಿ ತನ್ನ ದೇಹವನ್ನು ಬದಲಿಸಿಕೊಳ್ಳುವದೆಂದು ಅನೇಕ ವಿದ್ಯಾರ್ಥಿಗಳು ತಪ್ಪು ತಿಳಿಯುವರು. ಹುಲ್ಲೆಯು ಓಡಿ ಓಡಿ ತನ್ನ ಕಾಲನ್ನು ಉದ್ದ ಮಾಡಿಕೊಳ್ಳಲಿಲ್ಲ. ಹುಟ್ಟಿನಿಂದಲೇ ಹೆಚ್ಚು ವೇಗವುಳ್ಳವು ಉಳಿದು ಸಂತಾನವನ್ನು ಬಿಟ್ಟವು, ಉಳಿದವು ಬಿಡಲಿಲ್ಲ. ಹೊಂದಾಣಿಕೆಯೆಂಬ ಮಾತಿನ ತಾತ್ಪರ್ಯವು ಇಷ್ಟೇ.

ಈ ತತ್ತ್ವವನ್ನು ಜಗತ್ತಿಗೆ ಸಾಧಿಸಿ ತೋರಿಸಿದವರು ಚಾರ್ಲ್ಸ್ ಡಾರ್ವಿನ್ನರು. ಎಲಿಯಟ್ ಸಾಹೇಬರು ೧೮೫೪ರಲ್ಲಿ ಮದ್ರಾಸಿನ ಗವರ್ನರರ ಕೌನ್ಸಿಲಿನ ಸದಸ್ಯರಾಗಿದ್ದರು. ಡಾರ್ವಿನ್ನರು ಆ ಬಳಿಕ ಇಂಗ್ಲಂಡಿನ ತಮ್ಮ ಹಳ್ಳಿಯ ಮನೆಯಲ್ಲಿ ಪಾರಿವಾಳಗಳನ್ನು ಸಾಕಿ ಪರೀಕ್ಷಿಸತೊಡಗಿದರು. ಬಹು ಕಾಲದಿಂದ ಬೇರೆಬೇರೆ ದೇಶಗಳಲ್ಲಿ ಸಾಕಿಕೊಂಡು ಬಂದ ಪಕ್ಷಿಗಳು ಎಷ್ಟು ಭಿನ್ನವಾಗಿರುವವೆಂಬದನ್ನು ನೋಡಬೇಕೆಂದು ಅವರು ೧೮೫೬ರಲ್ಲಿ ಎಲಿಯಟರಿಗೆ ಪತ್ರ ಬರೆದು ಹಿಂದೂಸ್ಥಾನದ ಸಾಕು ಪಾರಿವಾಳ, ಕೋಳಿಗಳ ಚರ್ಮಗಳನ್ನು ಬೇಡಿದರು. ಎಲಿಯಟರು ಅವುಗಳನ್ನು ಕೂಡಿಸಿ ಕಳಿಸಿದರು. ಪಾರಿವಾಳ ಸಾಕುವ ವಿಷಯದ ಹಳೆಯ ಪಾರಸಿ ಗ್ರಂಥವೊಂದರ ಅನುವಾದವನ್ನೂ ಒದಗಿಸಿದರು. ೧೮೫೯ರಲ್ಲಿ ಪ್ರಕಟವಾದ ಜೀವಜಾತಿಗಳ ಉತ್ಪತ್ತಿಯ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿಯೇ ಡಾರ್ವಿನ್ನರು ಈ ಉಪಕಾರಕ್ಕಾಗಿ ಎಲಿಯಟರ ಹೆಸರನ್ನು ಹೇಳಿ ಕೃತಜ್ಞತೆಯನ್ನು ಸೂಚಿಸಿರುವರು. ೧೮೬೮ರಲ್ಲಿ ಸಾಕುಪ್ರಾಣಿಗಳ ವಿಷಯವಾಗಿ ಬರೆದ ದೊಡ್ಡ ಗ್ರಂಥದಲ್ಲಿಯೂ ಆ ಹೆಸರು ಬರುವದು.

ಪಾರಿವಾಳದಿಂದ ಡಾರ್ವಿನ್ನರು ಸಾಧಿಸಿದ್ದೇನು? ಬಾಲವನ್ನು ಬೀಸಣಿಗೆಯಂತೆ ಹರಡುವದು, ಎದೆಯನ್ನು ಚೆಂಡಿನಂತೆ ಉಬ್ಬಿಸುವದು, ಆಕಾಶದಲ್ಲಿ ಪಲ್ಟಿ ಹೊಡೆಯುವದು ಮುಂತಾದ ತಳಿಗಳೆಲ್ಲವೂ ಬಂಡೆಗಳಲ್ಲಿ ಗೂಡುಕಟ್ಟುವ ಒಂದೇ ಕಾಡು ಪಾರಿವಾಳದ ಸಂತತಿಯೆಂದು ಅವರು ತೋರಿಸಿದರು. ಇಷ್ಟೊಂದು ಭೇದವನ್ನು ತಂದದ್ದು ಮನುಷ್ಯನ ಆಯ್ಕೆ. ತನಗೆ ಬೇಕಾದ ಗುಣದ ಹಕ್ಕಿಗಳನ್ನೇ ಜೋಡಿಸುತ್ತ ಹೋದುದರಿಂದ ತಲೆಮಾರುಗಳಲ್ಲಿ ಆ ಗುಣವು ಬೆಳೆಯಿತು. ಇನ್ನೂ ಒಂದು ಸೋಜಿಗವನ್ನು ಅವರು ಕಂಡರು. ಕಪ್ಪು ತಳಿಯನ್ನೂ ಬಿಳಿಯ ತಳಿಯನ್ನೂ ಕೂಡಿಸಿ, ಅವುಗಳ ಮರಿಗಳನ್ನು ಮತ್ತೆ ಕೂಡಿಸಿದಾಗ, ಮೊಮ್ಮಕ್ಕಳಲ್ಲಿ ಒಂದಕ್ಕೆ ಕಾಡು ಪಾರಿವಾಳದ ನೀಲಿ ಬಣ್ಣವೂ ರೆಕ್ಕೆಯ ಮೇಲಿನ ಎರಡು ಕರಿಯ ಪಟ್ಟೆಗಳೂ ಬಂದವು. ತಂದೆತಾಯಿಗಳಲ್ಲಿ ಕಾಣದ ಪೂರ್ವಜನ ಗುರುತು ಎಲ್ಲಿ ಅಡಗಿತ್ತು?

ಈ ಪ್ರಶ್ನೆಗೆ ಡಾರ್ವಿನ್ನರಿಗೆ ಸರಿಯಾದ ಉತ್ತರವು ದೊರೆಯಲಿಲ್ಲ. ಬ್ರನ್ ನಗರದ ಮಠವಾಸಿ ಗ್ರೆಗರ್ ಮೆಂಡೆಲರು ಅದೇ ಕಾಲದಲ್ಲಿ ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿ, ಗುಣಗಳು ಬೆರೆತು ಅಳಿಯದೆ ಬಿಡಿಬಿಡಿಯಾಗಿ ವಂಶದಲ್ಲಿ ಇಳಿದುಬರುವವು, ಒಂದು ತಲೆಮಾರಿನಲ್ಲಿ ಮರೆಯಾದ ಗುಣವು ಮುಂದಿನದರಲ್ಲಿ ತಲೆಯೆತ್ತಬಹುದು ಎಂದು ಕಂಡುಹಿಡಿದು ೧೮೬೬ರಲ್ಲಿ ಅಚ್ಚು ಹಾಕಿಸಿದ್ದರು. ಜಗತ್ತು ಅದನ್ನು ಗಮನಿಸಿದ್ದು ೧೯೦೦ರಲ್ಲಿ. ಅಷ್ಟರಲ್ಲಿ ಡಾರ್ವಿನ್, ಮೆಂಡೆಲ್, ಎಲಿಯಟ್ ಮೂವರೂ ಗತಿಸಿದ್ದರು. ಅಜ್ಜನ ಮೂಗು ಮಗನನ್ನು ದಾಟಿ ಮೊಮ್ಮಗನಿಗೆ ಬಂತೆಂದು ನಮ್ಮ ಹಿರಿಯರು ಹೇಳುವ ಮಾತಿಗೆ ಶಾಸ್ತ್ರದ ಆಧಾರವು ಹೀಗೆ ದೊರೆಯಿತು.

ಈ ಕಲೆಯು ನಮ್ಮ ರೈತರಿಗೆ ಅಪರಿಚಿತವಾದದ್ದಲ್ಲ. ಕೃಷ್ಣೆಯ ದಂಡೆಯ ಎರೆಭೂಮಿಯ ಭಾರವಾದ ಕೆಲಸಕ್ಕಾಗಿ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಗುಜರಾತದ ಗೀರ್, ಆಂಧ್ರದ ಓಂಗೋಲು ತಳಿಗಳನ್ನು ಇಲ್ಲಿಯ ದನಗಳೊಡನೆ ಕೂಡಿಸಿ ಹತ್ತೊಂಬತ್ತನೆಯ ಶತಮಾನದಲ್ಲಿ ಕೃಷ್ಣಾ ಕಣಿವೆಯ ತಳಿಯನ್ನು ಬೆಳೆಸಿದರು. ಖಿಲಾರಿ ಎತ್ತನ್ನು ಕೊಳ್ಳುವಾಗ ಅಥಣಿಯ ರೈತನು ಅದರ ತಾಯಿಯನ್ನೂ ಹೋರಿಯನ್ನೂ ವಿಚಾರಿಸುವನು. ಅನುವಂಶೀಯತೆಯ ಪಾಠವು ಅವನ ಬಾಯಲ್ಲಿಯೇ ಇರುವದು. ಅವನ ಮಗನ ಪುಸ್ತಕದಲ್ಲಿ ಮಾತ್ರ ಅವನ ಎತ್ತಿಗೆ ಸ್ಥಳವಿಲ್ಲ.

ಎಲಿಯಟರ ಉಳಿದ ಜೀವನವನ್ನು ಸಂಕ್ಷೇಪವಾಗಿ ಹೇಳಬಹುದು. ಅವರು ಆಂಧ್ರದ ಉತ್ತರ ಸರ್ಕಾರು ಜಿಲ್ಲೆಗಳ ಕಮಿಶನರರಾಗಿದ್ದರು. ೧೮೪೫ರಲ್ಲಿ ಅಮರಾವತಿಯ ಬೌದ್ಧಸ್ತೂಪವನ್ನು ಅಗೆಯಿಸಿ ತೆಗೆದ ಶಿಲ್ಪಗಳು ಮದ್ರಾಸಿಗೆ ಬಂದು, ೧೮೫೯ರಲ್ಲಿ ಅಲ್ಲಿಂದ ಲಂಡನ್ನಿಗೆ ಹೋದವು; ಅವರ ಹೆಸರಿನಿಂದಲೇ ಅಲ್ಲಿ ಬಹುಕಾಲ ಕರೆಯಲ್ಪಟ್ಟವು. ನಮ್ಮ ಕಲ್ಲುಗಳು ಹೊರಗೆ ಹೋದದ್ದು ನಮಗೆ ಸಮಾಧಾನದ ಸಂಗತಿಯಲ್ಲ. ವಿದ್ಯಾಪ್ರೇಮಿಯಾದರೂ ಅವರು ಆಳುವವರ ಅಧಿಕಾರಿಯೇ ಎಂಬದನ್ನು ಇದು ನೆನಪಿಸುವದು. ಅದೇ ವರ್ಷ ತೆಲುಗು ಹೆಸರುಗಳೊಡನೆ ಆ ಪ್ರದೇಶದ ಸಸ್ಯಗಳ ಪಟ್ಟಿಯನ್ನು ಅವರು ಪ್ರಕಟಿಸಿದರು. ೧೮೬೦ರಲ್ಲಿ ನಿವೃತ್ತರಾಗಿ ಸ್ಕಾಟ್ಲಂಡಿನ ವುಲ್ಫ್‌ಲೀ ಎಂಬ ತಮ್ಮ ವಂಶದ ಊರಿಗೆ ಹೋದರು. ೧೮೬೬ರಲ್ಲಿ ಸರ್ ಪದವಿಯೂ, ೧೮೭೮ರಲ್ಲಿ ರಾಯಲ್ ಸೊಸಾಯಟಿಯ ಸದಸ್ಯತ್ವವೂ ದೊರೆತವು. ಮುಪ್ಪಿನಲ್ಲಿ ಕಣ್ಣುಗಳು ಬಹುಮಟ್ಟಿಗೆ ಕಾಣದಾದರೂ ದಕ್ಷಿಣ ಹಿಂದೂಸ್ಥಾನದ ನಾಣ್ಯಗಳ ಮೇಲಿನ ಗ್ರಂಥವನ್ನು ಪೂರೈಸಿದರು. ೧೮೮೭ರ ಮಾರ್ಚ್ ೧ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಚರಿತ್ರೆಯನ್ನು ಇಂದು ನೆನೆಯುವದಕ್ಕೆ ವಿಶೇಷ ಕಾರಣವುಂಟು. ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆಯನ್ನು ಉಳಿಸಿಕೊಂಡು ವಿಕಾಸದ ಭಾಗವನ್ನು ಕೈಬಿಟ್ಟಿತು. ೧೮೦೦ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ೨೦೨೩ರಲ್ಲಿ ಬಹಿರಂಗ ಪತ್ರ ಬರೆದು ಇದನ್ನು ವಿರೋಧಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಅದು ಉಳಿದಿರುವದು ನಿಜ. ಆದರೆ ಹತ್ತನೆಯದಾದ ಮೇಲೆ ವಿಜ್ಞಾನವನ್ನು ಬಿಡುವ ಅಸಂಖ್ಯ ಮಕ್ಕಳಿಗೆ ಅದರಿಂದೇನು? ಅನುವಂಶೀಯತೆಯನ್ನು ಕಲಿಸಿ ವಿಕಾಸವನ್ನು ಬಿಡುವದೆಂದರೆ ಶಾಸನವನ್ನು ಓದಿಸಿ ವಂಶಾವಳಿಯನ್ನು ಮುಚ್ಚಿಡುವದೇ ಸರಿ. ದಶಾವತಾರಗಳಲ್ಲಿಯೇ ವಿಕಾಸವಾದವಿರುವದೆಂದು ಹೇಳಿ ತೃಪ್ತಿಪಡುವವರೂ ನಮ್ಮಲ್ಲುಂಟು. ಅವತಾರಗಳು ಭಕ್ತಿಯ ವಿಷಯ. ಅವುಗಳಿಗೆ ಪ್ರಾಣಿಶಾಸ್ತ್ರದ ಸಾಕ್ಷಿಯು ಬೇಕಾಗಿಲ್ಲ, ಪ್ರಾಣಿಶಾಸ್ತ್ರಕ್ಕೂ ಅವುಗಳ ಸಾಕ್ಷಿಯು ಬೇಕಾಗಿಲ್ಲ. ಈ ಶಾಸ್ತ್ರದಲ್ಲಿ ನಮ್ಮ ನಾಡಿಗೆ ಪಾಲಿರುವದೆಂದು ತೋರಿಸಬೇಕಾದರೆ ಗುಲಾಂಡಿಯೂ ಮೆಟ್ಟಾಡೆಯೂ ಸಾಕು.

ದೊಡ್ಡ ವೆಚ್ಚವಿಲ್ಲದೆ ಮಾಡಬಹುದಾದ ಕಾರ್ಯವೊಂದುಂಟು. ಬೋರಗಾಂವ, ಸದಲಗಾ, ನಿಪ್ಪಾಣಿ, ಕಾಗವಾಡಗಳ ಪ್ರತಿಯೊಂದು ಪ್ರೌಢಶಾಲೆಯೂ ತನ್ನ ಊರಿನ ಸೀಮೆಯ ಪ್ರಾಣಿಪಕ್ಷಿಗಳ ಪಟ್ಟಿಯನ್ನು ವಿದ್ಯಾರ್ಥಿಗಳಿಂದ ತಯಾರಿಸಲಿ. ಹೆಸರುಗಳು ಹೊಲದಲ್ಲಿ ಆಡುವ ಮಾತಿನಲ್ಲಿಯೇ ಇರಲಿ. ಗಡಿಭಾಗದಲ್ಲಿ ಮರಾಠಿಯ ಹೆಸರು ಬಂದರೆ ಅದನ್ನೂ ಪಕ್ಕದಲ್ಲಿ ಬರೆಯಲಿ, ಅದರಿಂದ ಕನ್ನಡಕ್ಕೆ ಕುಂದಿಲ್ಲ. ಪಾರಿವಾಳ ಸಾಕುವವರನ್ನೂ ದನ ಬಲ್ಲ ಹಿರಿಯರನ್ನೂ ಒಂದು ದಿನ ಶಾಲೆಗೆ ಕರೆದು ಅವರಿಂದ ಪಾಠ ಹೇಳಿಸಲಿ. ಕಂದಾಯ, ಕೃಷಿ, ಅರಣ್ಯ ಖಾತೆಗಳ ನಮ್ಮ ಅಧಿಕಾರಿಗಳು ಸಹ ಫಿರತಿಯಲ್ಲಿ ಕಂಡದ್ದನ್ನು ಕನ್ನಡದಲ್ಲಿ ಬರೆದಿಡುವ ಪದ್ಧತಿಯನ್ನು ಹಿಡಿಯಲಿ. ಪರದೇಶದಿಂದ ಬಂದ ಇಪ್ಪತ್ತು ವರ್ಷದ ಒಬ್ಬ ಅಧಿಕಾರಿಯು ಸೆರೆಯನ್ನು ಅನುಭವಿಸಿದ ನಾಡಿನಲ್ಲಿಯೇ ಇದನ್ನು ಮಾಡಬಲ್ಲವನಾದನು. ಈ ನಾಡಿನಲ್ಲಿ ಹುಟ್ಟಿ, ಈ ನುಡಿಯನ್ನು ಆಡುವ ನಮಗೆ ಇದು ಅಸಾಧ್ಯವೆಂದು ಹೇಳಲು ಬಾಯಿ ಬರಬಾರದು.